ಕೈ ತೆಗೆದ ಮೇಲೂ

ಗುಬ್ಬಿಗಳು ಗೋಕಾಕ ಬಿಟ್ಟುಹೋಗಿ ವರ್ಷಗಳಾದವು ಎಂದೇ ಖಲೀಲ ನಂಬಿಕೊಂಡಿದ್ದ. ಮೊಬೈಲ್ ಟವರುಗಳು ಬಂದದ್ದೇ ತಡ ಅವು ಹೋದವು ಎಂದು ಚಹಾದಂಗಡಿಯಲ್ಲಿ ಯಾರೋ ಅಂದಿದ್ದನ್ನು ತನ್ನದೇ ಮಾತೆಂಬಂತೆ ನಾಲ್ಕು ಕಡೆ ಹೇಳಿಯೂ ಇದ್ದ. ಆ ದಿನ ಮುಂಜಾನೆ ಹಿತ್ತಲಲ್ಲಿ ಮುಖ ತೊಳೆಯುತ್ತಿರುವಾಗ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಒಂದು ಗುಬ್ಬಿ ಕೂತಿರುವುದು ಕಂಡಿತು. ತಂಬಿಗೆ ಹಿಡಿದೇ ನಿಂತು ನೋಡಿದ. ಗುಬ್ಬಿ ಕೊಕ್ಕು ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಗಂಟಲ ಕೆಳಗಿನ ಕಪ್ಪು ಮಚ್ಚೆ ಉಬ್ಬಿ ಇಳಿಯುತ್ತಿತ್ತು. ಪ್ರತಿ ಸಲವೂ ಬಾಲ ಒಂದಿಷ್ಟು ನಡುಗುತ್ತಿತ್ತು. ಆಕಳಿಸುತ್ತಿದೆಯೇನೋ ಅಂದುಕೊಂಡ. ತಲೆ ಎತ್ತಿದರೆ ಪಕ್ಕದ ಮನೆಯ ತಗಡಿನ ಅಂಚಿನಲ್ಲಿ ಇನ್ನಷ್ಟು ಗುಬ್ಬಿಗಳು ಸಾಲಾಗಿ ಕೂತಿದ್ದವು, ಎಲ್ಲವೂ ಕೊಕ್ಕು ತೆರೆಯುತ್ತ, ಮುಚ್ಚುತ್ತ. ಬಿಸಿಲು ಇನ್ನೂ ಎಳೆಯದಾಗಿತ್ತು, ತಗಡು ಹೊಳೆಯುತ್ತಿತ್ತು, ಹಿತ್ತಲೆಲ್ಲ ನಿದ್ದೆಯಲ್ಲಿರುವಂತೆ ತಣ್ಣಗಿತ್ತು. ಅವು ಎಲ್ಲಿಗೂ ಹೋಗಿರಲಿಲ್ಲ. ಈ ಮಾತು ಮನಸ್ಸಿನಲ್ಲಿ ಪೂರ್ತಿ ಮೂಡುವ ಮೊದಲೇ ಅವನು ಇನ್ನೊಂದು ತಂಬಿಗೆ ನೀರು ಮುಖಕ್ಕೆ ಹೊಡೆದುಕೊಂಡ.

ಟಾವೆಲ್‌ಗೆಂದು ಹೊರಳಿದಾಗ ಜಹೀರಾ ಎದುರಿಗೇ ನಿಂತಿದ್ದಳು. ಈಚೆಗೆ ಅವನ ಹೆಂಡತಿ ಯಾವಾಗಲೂ ಎದುರಿಗೇ ಇರುತ್ತಾಳೆ. ಅಡುಗೆಮನೆಯಲ್ಲಿ ಕೂತೇ ಇಡೀ ಮನೆಯನ್ನು ಆಳುತ್ತಿದ್ದ ಹೆಂಗಸು ಅವಳು. ಜಗಳವನ್ನೂ ಗೋಡೆಯ ಆಚೆಯಿಂದಲೇ ಆಡಿ ಮುಗಿಸುತ್ತಿದ್ದಳು. ಅದು ಯಾವಾಗ ನಿಂತಿತು? ಈಗ ಒಲೆ ಸಣ್ಣ ಮಾಡಿ, ಕೈ ಒರೆಸಿಕೊಂಡು, ನಡುಮನೆ ದಾಟಿ ಬಂದು, ಬೆಳಕು ತನ್ನ ಮುಖದ ಮೇಲೆ ಬೀಳುವ ಹಾಗೆ ನಿಂತು ಆಮೇಲೆ ಮಾತು ತೆಗೆಯುತ್ತಾಳೆ. ವಯಸ್ಸಾದಂತೆ ಮೆತ್ತಗಾದಳು ಎಂದು ತಿಳಿದಿದ್ದ ಖಲೀಲ. ಒಳಗೊಳಗೇ ಖುಷಿಯನ್ನೂ ಪಟ್ಟಿದ್ದ.

"ನಂದಾನ ಫೋನ್ ಬಂದಿತ್ರಿ. ನಿಮ್ಮದು ಬಡಕೊಂಡ್ ಬಡಕೊಂಡ್ ಸುಮ್ಮನಾತು. ಆಮ್ಯಾಲ ನನಗ ಮಾಡಿದ್ಲು" ಅಂದಳು ಜಹೀರಾ.

"ಏನಂತ?"

"ಮಸಗುಪ್ಪಿಯಿಂದ ಹೊಂಟಾಳಂತ, ಸ್ಟ್ಯಾಂಡಿನ್ಯಾಗ ನಿಂತಿರ್ತಾಳಂತ. ಇವತ್ತಿನದ ಕಡೀ ಪ್ರೋಗ್ರಾಮ್ ಅಂದ್ಲು. ಯಾಕ್ರಿ, ಆ ಹುಡಿಗಿ ಹಾಡೂದು ಯಾಕ ಬಿಡಾಕತ್ತಾಳ?"

"ಗಂಟಲಾ" ಅಂದ ಖಲೀಲ. "ಮ್ಯಾಲಿನ ಸ್ವರ ನಿಲ್ಲವಲ್ದು ಆಕೀದು."

"ಹಂಗಂತ ಅಂದವ್ರು ಯಾರು?"

"ಯಾರಂದ್ರ, ನಾನ."

ಜಹೀರಾ ಟಾವೆಲ್ ಕೊಟ್ಟಳು. ಕೊಟ್ಟ ಮೇಲೂ ಅವಳ ಕೈ ಟಾವೆಲ್‌ನ ಇನ್ನೊಂದು ತುದಿಯಲ್ಲಿ ಸ್ವಲ್ಪ ಹೊತ್ತು ಉಳಿಯಿತು. ಏನೋ ಕೇಳುವವಳಿದ್ದಳು, ಕೇಳಲಿಲ್ಲ. ಒಳಗೆ ಹೋದಳು. ಅವಳ ಗಾಜಿನ ಬಳೆಗಳು ಒಂದಕ್ಕೊಂದು ತಾಗುವುದನ್ನು ಖಲೀಲ ಕಣ್ಣಿನಿಂದ ನೋಡಿದ.

ಟೆಂಪೋ ಘಟಪ್ರಭಾ ದಾಟಿ ಹುಕ್ಕೇರಿಯ ಒಂದು ಮದುವೆಗೆಂದು ಓಡುತ್ತಿತ್ತು. ಹಿಂದೆ ಸ್ಪೀಕರುಗಳು, ಮುಂದೆ ಡ್ರೈವರನ ಬಾಜೂ ತಾಳಕ್ಕೆ ಆಕ್ಟೋಪ್ಯಾಡ್ ಬಾರಿಸುವ ಗಜಾನನ. ನಡುವಿನ ಸೀಟಿನಲ್ಲಿ ಒಂದು ಕಿಟಕಿಗೆ ನಂದಾ, ಇನ್ನೊಂದಕ್ಕೆ ಖಲೀಲ. ಒಂದು ಕಾಲಕ್ಕೆ ಹತ್ತು ಜನರ ಆರ್ಕೆಸ್ಟ್ರಾ ಇದು, ಈಗ ಮೂವರೇ. ಉಳಿದವರ ಕೆಲಸವನ್ನೆಲ್ಲ ಖಲೀಲನ ಕಾಲ ಬಳಿ ಚಾದರದಲ್ಲಿ ಸುತ್ತಿಟ್ಟ ಕಪ್ಪು ಪೆಟ್ಟಿಗೆ ಮಾಡುತ್ತದೆ. ಅವನ ಕೀಬೋರ್ಡಿನ ಸ್ವಂತ ದನಿ ಎಂದೋ ಹೋಗಿದೆ, ಕೀಗಳು ಮಾತ್ರ ಗಟ್ಟಿ. ಐದು ಕಾಲಿನ ಪ್ಲಗ್ ಇರುವ ಒಂದು ತಂತಿ ಕೀಬೋರ್ಡಿನಿಂದ ಪೆಟ್ಟಿಗೆಗೆ ಹೋಗುತ್ತದೆ. ಅಂಗಡಿಯವರು ಅದಕ್ಕೆ ಮಿಡಿ ಕೇಬಲ್ ಅಂದರೆ ಗಜಾನನ ಮಿಡಚಿ ಅನ್ನುತ್ತಾನೆ. ಕಬ್ಬಿನ ಗದ್ದೆಯ ಮಿಡತೆಯಂತೆ ಇಲ್ಲಿ ಕೂತು ಅಲ್ಲಿ ಹಾರುತ್ತದಲ್ಲ ಎಂದು. ಹಾಡಲು ಸೇರಿದ ಮೊದಲ ದಿನ ನಂದಾ ಆ ತಂತಿಯನ್ನು ಕಿವಿಗೆ ಹಿಡಿದು ನೋಡಿದ್ದಳು. ಖಲೀಲ ನಕ್ಕಿದ್ದ. "ಅದರಾಗ ದನಿ ಇರಂಗಿಲ್ಲವಾ. ಬರೇ ಸುದ್ದಿ ಹೋಗತೈತಿ. ಯಾವ ಕೀ ಒತ್ತಿದ್ನಿ, ಎಷ್ಟ ಜೋರ್ ಒತ್ತಿದ್ನಿ, ಯಾವಾಗ ಕೈ ತಗದ್ನಿ. ಇಷ್ಟ. ಅದನ್ನ ಕೇಳಿ ಪೆಟಿಗಿ ಕೊಳಲರ ಊದ್ಲಿ, ಸನಾದಿಯರ ಊದ್ಲಿ. ಯಾವ ಕಂಪನಿ ಕೀಬೋರ್ಡ್, ಯಾವ ದೇಶದ ಪೆಟಿಗಿ ಇದ್ರೂ ಅವಕ್ಕ ಈ ಮಾತು ತಿಳಿತೈತಿ." ನಂದಾ ಕಣ್ಣರಳಿಸಿ, "ಅಂದ್ರ ನಿಮ್ಮ ಕೈಬಟ್ಟಿನ ಸುದ್ದಿ" ಅಂದಿದ್ದಳು. ಅವಳು ಅಷ್ಟು ಚಂದ ಹೇಳಿದ್ದು ಅವನಿಗೆ ಹಿಡಿಸಿತ್ತು. ಈಗ ಅದೇ ಹುಡುಗಿ ಕಿಟಕಿಯಾಚೆ ನೋಡುತ್ತ ಕೂತಿದ್ದಾಳೆ. ಕೊರಳಿಗೆ ಮಫ್ಲರ್ ಸುತ್ತಿಕೊಂಡಿದ್ದಾಳೆ, ಇಂಥ ಸೆಕೆಯಲ್ಲೂ.

ಅವಳ ದನಿಗೆ ಏನೋ ಆಗಿದೆ ಎಂದು ಅವನಿಗೆ ಮೊದಲು ಅನಿಸಿದ್ದು ಎಲ್ಲಿ? ನಿಡಸೋಸಿಯ ಒಂದು ಕಾರ್ಯಕ್ರಮದಲ್ಲಿರಬೇಕು. ಮೇಲಿನ ಷಡ್ಜಕ್ಕೆ ಏರಿದಾಗ ಅವಳ ಸ್ವರದ ಹೊಳಪು ಯಾರೋ ಒರೆಸಿಹಾಕಿದಂತೆ ಹೋಗಿ ಕೌದಿಯೊಳಗಿಂದ ಬಂದ ಹಾಗೆ ಕೇಳಿತ್ತು. ದನಿ ಇತ್ತು, ಅದರ ತುದಿ ಇರಲಿಲ್ಲ. "ನಿಲ್ಲವಲ್ದು ನಂದಾ, ಮ್ಯಾಲ ನಿಲ್ಲವಲ್ದು" ಅಂದಿದ್ದ ಇಳಿದು ಬಂದ ಮೇಲೆ. ಮುಂದಿನ ಸಲವೂ ಅಂದ. ಕಾಳೀ ಪಾಂಚ್ ಪಟ್ಟಿಯಲ್ಲಿ, ಅಂದರೆ ಐದನೆಯ ಕಪ್ಪು ಕೀಯ ಎತ್ತರದ ಶ್ರುತಿಯಲ್ಲಿ ಹಾಡುತ್ತಿದ್ದ ಹಾಡುಗಳನ್ನೆಲ್ಲ ಕೆಳಗಿಳಿಸಿದರು. ಮೇಲೆ ಏರುವ ಹಾಡುಗಳನ್ನು ಬಿಟ್ಟೇಬಿಟ್ಟರು. ಅವಳು ಮೊಸರು ಬಿಟ್ಟಳಂತೆ, ಹುಳಿ ಬಿಟ್ಟಳಂತೆ, ಗಂಟಲಿನ ಡಾಕ್ಟರ್ ಕನ್ನಡಿ ಇಳಿಸಿ ನೋಡಿ ಏನೂ ಇಲ್ಲ ಎಂದು ಕಳಿಸಿದರಂತೆ. ಏನೂ ಇಲ್ಲ ಎಂಬ ಮಾತನ್ನು ಅವಳು ಹೇಳಿದಾಗ ಖಲೀಲ ತಲೆ ಎತ್ತದೆ ತಂತಿ ಸುತ್ತುತ್ತಿದ್ದ. ಡಾಕ್ಟರಿಗೇನು ಶ್ರುತಿ ತಿಳಿಯುತ್ತದೆ ಅಂದಿದ್ದ. ತನಗೆ ಎಲ್ಲ ಕೇಳುತ್ತದಲ್ಲ. ಮಳೆಗಾಲದಲ್ಲಿ ಫಾಲ್ಸಿನ ಮೊರೆತ ಹಾಸಿಗೆಯವರೆಗೂ ಕೇಳುತ್ತದೆ, ಬಸ್ಸಿನ ಇಂಜಿನ್ ಕೇಳುತ್ತದೆ, ಢೋಲಕಿಯ ದೊಡ್ಡ ಪೆಟ್ಟು ಎದೆಗೇ ಬಂದು ಬೀಳುತ್ತದೆ. ಜನ ಮಾತ್ರ ಈಚೆಗೆ ಬಾಯಲ್ಲಿ ಏನೋ ಇಟ್ಟುಕೊಂಡು ಮಾತಾಡುತ್ತಾರೆ. ವೈರಿನ ಅಂಗಡಿಯ ರಾಯಪ್ಪ ಒಂದು ದಿನ ಹತ್ತಿರ ಬಂದು ಏನೋ ಹೇಳಿದ, ಖಲೀಲ ಎಂದಿನಂತೆ ನಕ್ಕು "ಚಲೋ ಆತ ಬಿಡ್ರಿ" ಅಂದ. ರಾಯಪ್ಪನ ಮುಖ ಒಣಗಿತು. ಅವನ ತಾಯಿ ತೀರಿಕೊಂಡದ್ದು ಸಂಜೆ ಬೇರೆಯವರಿಂದ ತಿಳಿಯಿತು. ಆ ಅಂಗಡಿಯ ಮುಂದೆ ಹಾಯುವುದನ್ನೇ ಖಲೀಲ ಬಿಟ್ಟ. ತನ್ನ ಕಿವಿಯ ಬಗ್ಗೆ ಮಾತ್ರ ಯೋಚಿಸಲಿಲ್ಲ, ರಾಯಪ್ಪ ಗೊಣಗುತ್ತಾನೆ ಎಂದುಕೊಂಡ.

"ಮಾಸ್ತರ" ಎಂದು ಗಜಾನನ ಸೀಟಿನ ಮೇಲಿಂದ ಹೊರಳಿದ. ಅವನ ತುಟಿ ಕಂಡದ್ದರಿಂದ ಮಾತೂ ಕೇಳಿತು. "ಮ್ಯಾಲಿನ ಕೀ ಅಷ್ಟ ಜೋರ್ ಬಡೀಬ್ಯಾಡ್ರಿ ಇವತ್ತ. ಹ್ವಾದ ಸಲ ಮಂದಿ ಕಿವಿ ಮುಚ್ಚಿಕೊಂಡ್ರು."

"ನಾ ಯಾವಾಗ ಜೋರ್ ಬಡದೆ?"

ಗಜಾನನ ನಂದಾಳ ಮುಖ ನೋಡಿದ. ನಂದಾ ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ. ಕಬ್ಬಿನ ಗರಿಗಳು ಗಾಳಿಗೆ ಒಂದರ ಮೇಲೊಂದು ಬೀಳುತ್ತಿದ್ದವು, ಮೈಲುಗಟ್ಟಲೆ, ಸದ್ದಿಲ್ಲದೆ. ಖಲೀಲನಿಗೆ ಜೋಂಪು ಹತ್ತಿತು.

ಹುಕ್ಕೇರಿಯ ಆ ಮಂಗಲ ಕಾರ್ಯಾಲಯ ಹೊಸದಾಗಿತ್ತು, ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ವೇದಿಕೆಯ ಒಂದು ಮೂಲೆಯಲ್ಲಿ ಅವರಿಗೆ ಜಾಗ. ಖಲೀಲ ಕೀಬೋರ್ಡ್ ಹರವಿ, ಪೆಟ್ಟಿಗೆಯನ್ನು ಬಲಕ್ಕೆ ಒಂದು ಕುರ್ಚಿಯ ಮೇಲೆ ಇಟ್ಟು, ತಂತಿ ಜೋಡಿಸಿ, ಒಂದು ಕೀ ಒತ್ತಿದ. ಪೆಟ್ಟಿಗೆಯ ಮೇಲಿನ ಕೆಂಪು ದೀಪ ಮಿಣುಕಿತು. ಸುದ್ದಿ ಮುಟ್ಟಿದಾಗೆಲ್ಲ ಅದು ಹೀಗೆ ಮಿಣುಕುತ್ತದೆ. ಇತ್ತೀಚೆಗೆ ಅವನು ಮೇಲಿನ ಸ್ವರಗಳಿಗೆ ಈ ದೀಪವನ್ನೇ ನಂಬಿದ್ದ. ದೀಪ ಮಿಣುಕಿತೆಂದರೆ ಸ್ವರ ಇದೆ, ಇಲ್ಲವೆಂದರೆ ಇಲ್ಲ. ಬೆರಳಿಗೆ ಜಾಗ ಗೊತ್ತು. ಮೂವತ್ತು ವರ್ಷದ ಬೆರಳು, ಅದಕ್ಕೆ ಕಿವಿಯ ಹಂಗಿಲ್ಲ ಎಂದು ಕೆಲವು ಸಲ ಹೆಮ್ಮೆಯೂ ಆಗುತ್ತಿತ್ತು. ಕೊಳಲಿನ ದನಿ ಇಟ್ಟು ಅವನು ಬಾರಿಸತೊಡಗಿದ. ಹೂವಿನ ಮಾಲೆಗಳು, ಹೊಸ ಸೀರೆಗಳು, ತಿರುಗುವ ಫ್ಯಾನುಗಳು. ಕೆಳಗಿನ ಸ್ವರಗಳು ದುಂಡಗೆ ಕೇಳುತ್ತಿದ್ದವು. ಬೆರಳು ಬಲಕ್ಕೆ ಸರಿದಂತೆ ಅವು ತೆಳ್ಳಗಾಗಿ, ಆಮೇಲೆ ಬರೀ ಕೀಗಳ ಮೆತ್ತನೆ ಇಳಿತವಾಗಿ, ಅದರಾಚೆ ಅವನೇ ಮನಸ್ಸಿನಲ್ಲಿ ತುಂಬಿಕೊಳ್ಳುವ ಸ್ವರಗಳಾದವು. ಆ ಸ್ವರಗಳಷ್ಟು ಶುದ್ಧವಾದದ್ದನ್ನು ಅವನು ಯಾವ ವಾದ್ಯದಲ್ಲಿಯೂ ಕೇಳಿರಲಿಲ್ಲ.

ಮದುಮಕ್ಕಳ ಮೇಲೆ ಅಕ್ಕಿಕಾಳು ಹಾಕುವ ಹೊತ್ತಾಯಿತು. ಮಂತ್ರ ಹೇಳುವ ಅಯ್ಯನವರು ಮೈಕಿನ ಕಡೆ ಬಂದು ಸಾಕು ಎಂದು ಕೈ ಮಾಡಿದರು. ಖಲೀಲ ಒಂದು ಚಂದದ ಮುಕ್ತಾಯ ಕೊಡೋಣವೆಂದು ಬೆರಳನ್ನು ಬಲತುದಿಗೆ ಓಡಿಸಿ, ಎಲ್ಲಕ್ಕಿಂತ ಮೇಲಿನ ಷಡ್ಜವನ್ನು ಬಲವಾಗಿ ಒತ್ತಿ ಹಿಡಿದ. ಅದೇ ಹೊತ್ತಿಗೆ ಆರತಿ ತಟ್ಟೆ ಹಿಡಿದ ಹೆಂಗಸೊಬ್ಬಳು ಅವನ ಹಿಂದಿನಿಂದ ಅವಸರದಲ್ಲಿ ಹಾದಳು. ಅವಳ ಕಾಲು ತಂತಿಗೆ ತೊಡರಿತು. ಪ್ಲಗ್ ಕಿತ್ತು ಬಂತು. ಅದನ್ನು ನೋಡದೆ ಖಲೀಲ ಕೈ ಎತ್ತಿದ. ಒತ್ತಿದ ಸುದ್ದಿ ಪೆಟ್ಟಿಗೆಗೆ ಆಗಲೇ ಮುಟ್ಟಿತ್ತು. ಕೈ ತೆಗೆದ ಸುದ್ದಿ ಮುಟ್ಟಲಿಲ್ಲ. ಹೊಸ ಪೆಟ್ಟಿಗೆಗಳು ತಂತಿ ಕಿತ್ತರೆ ತಾವೇ ಸುಮ್ಮನಾಗುತ್ತವೆ. ಇದು ಹಳೆಯದು, ಹೇಳಿದ್ದನ್ನಷ್ಟೇ ಮಾಡುವಂಥದ್ದು. ಬಿಡು ಎಂದು ಯಾರೂ ಹೇಳದಿದ್ದರಿಂದ ಅದು ಬಿಡಲಿಲ್ಲ. ದೊಡ್ಡ ಸ್ಪೀಕರುಗಳೆರಡರಿಂದ ಆ ಒಂದು ಸ್ವರ, ಸೂಜಿಯಂತೆ ಸಣ್ಣಗೆ, ಉಸಿರಿಲ್ಲದೆ ಹೊರಟೇ ಇತ್ತು.

ಖಲೀಲ ಪೆಟ್ಟಿಗೆಯ ಕಡೆ ನೋಡಿದ. ದೀಪ ಮಿಣುಕುತ್ತಿರಲಿಲ್ಲ. ಮುಗಿಯಿತು. ಕೈಗಳನ್ನು ತೊಡೆಯ ಮೇಲಿಟ್ಟುಕೊಂಡ. ಎಂಥ ಶಾಂತಿ ಇತ್ತು ಅಲ್ಲಿ. ಮಂಟಪದ ತುಂಬ ಜನ ಅಕ್ಕಿಕಾಳು ಹಿಡಿದ ಮುಷ್ಟಿಗಳನ್ನು ಎತ್ತಿಕೊಂಡು ನಿಂತಿದ್ದರು, ಯಾರೂ ಎಸೆಯುತ್ತಿರಲಿಲ್ಲ. ಅಯ್ಯನವರ ಬಾಯಿ ತೆರೆದು ಹಾಗೇ ನಿಂತಿತ್ತು. ಅಂತರಪಟದ ಎರಡೂ ಬದಿಗೆ ಮದುಮಕ್ಕಳ ಬಾಸಿಂಗದ ತುದಿಗಳು ಕಾಣುತ್ತಿದ್ದವು. ಒಂದು ಕೂಸು ಬಾಯಿ ಅಗಲಿಸಿ ಅಳುತ್ತಿತ್ತು, ಅದರ ಅಳುವೂ ದೂರದ್ದಾಗಿತ್ತು. ಚಿಕ್ಕಂದಿನಲ್ಲಿ ಹಿಡಕಲ್ಲಿನ ಹಿನ್ನೀರಿನಲ್ಲಿ ಮುಳುಗು ಹಾಕಿ ಕಣ್ಣು ತೆರೆದರೆ ಹೀಗೇ ಇರುತ್ತಿತ್ತು. ಮೇಲೆ ಬೆಳಕು ಹಸಿರಾಗಿ ತೂಗುತ್ತಿತ್ತು, ದಂಡೆಯ ಮೇಲೆ ಅಪ್ಪ ಬಾಯಿ ತೆರೆದು ಕೈ ಬೀಸಿ ಕರೆಯುತ್ತಿರುವುದು ಅಲುಗಿ ಅಲುಗಿ ಕಾಣುತ್ತಿತ್ತು. ಕರೆಯುತ್ತಿದ್ದಾನೆ ಎಂದು ಗೊತ್ತಿದ್ದೂ ಇನ್ನೊಂದು ಗಳಿಗೆ ಅಲ್ಲೇ ಇರಬೇಕು ಅನಿಸುತ್ತಿತ್ತು. ಈಗ ಜನರೆಲ್ಲ ಒಬ್ಬೊಬ್ಬರಾಗಿ ತನ್ನ ಕಡೆ ಹೊರಳುತ್ತಿದ್ದರು. ಕೆಲವರು ಮುಷ್ಟಿಯನ್ನು ಕಿವಿಗೆ ಒತ್ತಿಕೊಂಡಿದ್ದರು, ಅಕ್ಕಿಕಾಳು ಹೆಗಲ ಮೇಲೆ ಸುರಿಯುತ್ತಿತ್ತು. ಇಷ್ಟು ಜನ ಒಟ್ಟಿಗೆ ತನ್ನನ್ನು ನೋಡಿದ್ದು ಎಂದೂ ಇಲ್ಲ. ಮುಕ್ತಾಯ ಅಷ್ಟು ಹಿಡಿಸಿತೇ? ಖಲೀಲ ಬಲಗೈಯನ್ನು ಎದೆಗೆ ಇಟ್ಟುಕೊಂಡು, ತಲೆ ಬಾಗಿಸಿ, ನಕ್ಕ.

ಮದುಮಗಳ ಸೋದರಮಾವ ವೇದಿಕೆ ಹತ್ತಿ ಅವನ ಮುಖದ ಹತ್ತಿರ ಬಂದ. "ಏ ಮಾಸ್ತರ! ಬಂದ್ ಮಾಡ್ರಿ ಅದನ್ನ!"

"ಬಂದ್ ಮಾಡೇನಲ್ರಿ" ಎಂದು ಖಲೀಲ ಎದ್ದು ನಿಂತು ಎರಡೂ ಕೈ ಎತ್ತಿ ತೋರಿಸಿದ.

"ಮಸ್ಕರಿ ಹಚ್ಚೀರೇನು? ಮಂದಿ ಕಿವಿ ಹರದ ಹೋಗಾಕತ್ತಾವು!"

ಖಲೀಲ ಗಜಾನನನ ಕಡೆ ನೋಡಿದ. ಗಜಾನನ ಪೆಟ್ಟಿಗೆಗೆ ಬೊಟ್ಟು ಮಾಡುತ್ತ ಏನೋ ಒದರುತ್ತಿದ್ದ. ಪೆಟ್ಟಿಗೆಯ ದೀಪ ಆರಿತ್ತು. ಏನೂ ಇರಲಿಲ್ಲ ಅಲ್ಲಿ. ಏನೂ ಇಲ್ಲದ್ದನ್ನು ಹೇಗೆ ನಿಲ್ಲಿಸುವುದು? ಅವನು ಎತ್ತಿದ ಕೈಗಳನ್ನು ಇಳಿಸದೆ, ನಗುವನ್ನೂ ಹೇಗೆ ತೆಗೆಯಬೇಕೆಂದು ತಿಳಿಯದೆ ನಿಂತುಬಿಟ್ಟ. ಆಗ ನಂದಾ ಎದ್ದು ಬಂದಳು. ನೆಲದಲ್ಲಿ ಬಿದ್ದಿದ್ದ ಪ್ಲಗ್ಗನ್ನು ನೋಡಿದಳು, ಅವನ ಕೈಗಳನ್ನು ನೋಡಿದಳು, ಆಮೇಲೆ ಅವನ ಮುಖವನ್ನು. ಬಾಗಿ ಪೆಟ್ಟಿಗೆಯ ಸ್ವಿಚ್ ಆರಿಸಿದಳು. ಮಂಟಪದ ಜನರೆಲ್ಲರ ಹೆಗಲು ಒಮ್ಮೆಲೇ ಇಳಿಯಿತು. ಖಲೀಲನಿಗೆ ಅದರಿಂದ ಏನೂ ಬದಲಾಗಲಿಲ್ಲ. ಮೊದಲು ಎಷ್ಟು ಶಾಂತವಿತ್ತೋ ಈಗಲೂ ಅಷ್ಟೇ ಶಾಂತವಿತ್ತು. ಅದು ತಿಳಿದಾಗ ಅವನು ಎತ್ತಿದ ಕೈಗಳನ್ನು ಇಳಿಸಿ ತನ್ನ ಕುರ್ಚಿಯಲ್ಲಿ ಕೂತ. ನಂದಾ ಅವನ ಮುಖದಿಂದ ಇನ್ನೂ ಕಣ್ಣು ಕಿತ್ತಿರಲಿಲ್ಲ.

ಮಂಗಲಾಷ್ಟಕ ಮುಗಿಯಿತು, ಅಕ್ಕಿಕಾಳು ಬಿದ್ದವು, ಜನ ಊಟಕ್ಕೆ ಹೊರಳಿದರು. ಊಟದ ನಂತರ ಇನ್ನೊಂದು ಸುತ್ತು ಹಾಡುಗಳಿದ್ದವು. ಸೋದರಮಾವ ಬೇಡವೆಂದರೂ ಮದುಮಗಳ ತಂದೆ, "ತಂತಿ ಕಿತ್ತರ ಅವ್ರರ ಏನ್ ಮಾಡಬೇಕು, ಹಾಡ್ಲಿ ಬಿಡು" ಎಂದರು. ಖಲೀಲ ಪಂಕ್ತಿಗೆ ಹೋಗಲಿಲ್ಲ. ಕಾರ್ಯಾಲಯದ ಹಿಂದೆ ಅಡುಗೆಯವರು ದೊಡ್ಡ ಪಾತ್ರೆಗಳನ್ನು ತೊಳೆಯುವ ಕಡೆ ಒಂದು ಬೇವಿನ ಮರದ ಕಟ್ಟೆ ಇತ್ತು, ಗೋಡೆಗೆ ಮುಖ ಮಾಡಿ ಅದರ ಮೇಲೆ ಕೂತ. ಪಾತ್ರೆಗೆ ಪಾತ್ರೆ ಬಡಿಯುವುದು ಮಣ್ಣಿಗೆ ಮಣ್ಣು ಬಡಿದ ಹಾಗಿತ್ತು. ಮುಂಜಾನೆ ಜಹೀರಾ ಕೇಳದೆ ನುಂಗಿಕೊಂಡ ಪ್ರಶ್ನೆ ಯಾವುದು ಎಂದು ಈಗ ಅವನಿಗೆ ಹೊಳೆಯಿತು. ಮುಖ ಬೆಳಕಿಗೆ ಹಿಡಿದು ನಿಲ್ಲುವುದನ್ನು ಅವಳು ಎಷ್ಟು ದಿನದಿಂದ ಮಾಡುತ್ತಿದ್ದಾಳೆ. ಒಮ್ಮೆಯೂ ಬಾಯಿ ಬಿಟ್ಟು ಹೇಳಲಿಲ್ಲ. ತನಗೆ ನೋವಾಗದಿರಲಿ ಎಂದೋ, ತಾನಾಗಿ ಹೇಳಲಿ ಎಂದೋ. ಇಬ್ಬರೂ ಒಂದೇ ಮನೆಯಲ್ಲಿ ಅದನ್ನು ಬಟ್ಟೆ ಮುಚ್ಚಿಟ್ಟ ಪಾತ್ರೆಯಂತೆ ಸುತ್ತು ಹಾಕಿ ದಾಟುತ್ತಿದ್ದರು.

ನೆಲದ ಮೇಲೆ ಒಂದು ನೆರಳು ಬಂತು. ಹೊರಳಿದರೆ ನಂದಾ.

"ಮೂರ ಸರತಿ ಒದರಿದ್ನಿ, ಹಿಂದ ನಿಂತು" ಅಂದಳು. ಮಫ್ಲರ್ ಕೈಯಲ್ಲಿತ್ತು. "ಯಾವಾಗಿಂದ್ರಿ ಇದು?"

"ಏನು?"

"ಮತ್ತ 'ಏನು' ಅನಬ್ಯಾಡ್ರಿ ಮಾಸ್ತರ. ಆ ಸ್ವರ ನಿಮಗ ಕೇಳಸಲಿಲ್ಲ."

"ಅಲ್ಲಿ ಗದ್ದಲ ಭಾಳ ಇತ್ತವಾ…"

"ಗದ್ದಲ ಇರಲಿಲ್ಲ. ಅದೊಂದ ಸ್ವರ ಇತ್ತು. ಅಯ್ಯಾರ ಮಂತ್ರ ನಿಂದ್ರಿಸಿ ನಿಂತಿದ್ರು. ನೀವು ನಗಾಕತ್ತಿದ್ರಿ."

ಖಲೀಲ ಕೆಳಗೆ ನೋಡಿದ. ಅವಳು ಎದುರಿಗೆ ಬಂದು, ಕುಕ್ಕರಗಾಲಲ್ಲಿ ಕೂತು, ಅವನ ಕಣ್ಣು ತಪ್ಪದಂತೆ ನೋಡಿದಳು. ಜಹೀರಾಳಂತೆಯೇ. ಎಷ್ಟು ಬೇಗ ಕಲಿತುಬಿಟ್ಟಳು.

"ನನ್ನ ಸಡ್ಜ ಸರಿ ಇತ್ತೋ ಇಲ್ಲೋ, ಅಷ್ಟ ಹೇಳ್ರಿ."

ಹೇಳಬಹುದಾಗಿತ್ತು. ಸ್ವಲ್ಪ ಅಲುಗುತ್ತಿತ್ತು, ಈಗೀಗ ಸುಧಾರಿಸಿದೆ, ಇನ್ನಷ್ಟು ರಿಯಾಜು ಬೇಕು. ಇಂಥ ಮಾತುಗಳು ನಾಲಿಗೆಯ ಮೇಲೆ ಸಿದ್ಧವಾಗಿಯೇ ಇದ್ದವು, ವರ್ಷಗಟ್ಟಲೆ ಅವನ್ನೇ ಆಡಿದ್ದ.

"ನನಗ ಗೊತ್ತಿಲ್ಲ ನಂದಾ" ಅಂದ. "ಗೊತ್ತಿದ್ದಾಂವನಂಗ ಹೇಳತಿದ್ನಿ."

ಅವಳು ಮಫ್ಲರನ್ನು ಮಡಚಿ ಕಟ್ಟೆಯ ಮೇಲೆ ಇಟ್ಟಳು. ಮಾತಾಡಿದಾಗ ದನಿ ಎತ್ತರಿಸಲಿಲ್ಲ. ಕೆಳಗಿನ ಸ್ವರದಲ್ಲೇ ಉಳಿದದ್ದರಿಂದ ಅದು ಅವನಿಗೆ ಪೂರ್ತಿ ಕೇಳಿತು, ತುಟಿಯಿಂದಷ್ಟು, ಕಿವಿಯಿಂದಷ್ಟು. "ದಿನಾ ಮುಂಜಾನೆ ಹೊಲಕ್ಕ ಹೋಗಿ ನಿಂತು ಆ ಸಡ್ಜ ಹಚ್ಚಿ ನೋಡ್ತಿದ್ನಿ. ನನ್ನ ಕಿವಿಗೆ ಸರಿ ಇರತಿತ್ತು. ಅವ್ವನೂ ಸರಿ ಐತಿ ಅಂತಿದ್ಲು. ಮಾಸ್ತರ್ಗಿಂತ ನಿನಗ ಹೆಚ್ಚ ತಿಳಿತೈತೇನ ಅಂತ ಅವ್ವಗ ಬೈದೆ. ನನ್ನ ಕಿವಿ ನಂಬಲಿಲ್ಲ, ಅವ್ವನ ಕಿವಿ ನಂಬಲಿಲ್ಲ, ನಿಮ್ಮ ಕಿವಿ ನಂಬಿದ್ನಿ."

ಖಲೀಲನ ಬಾಯಿಯಿಂದ ತಪ್ಪಾತು ಎಂಬ ಮಾತು ಹೊರಟು, ಅರ್ಧಕ್ಕೆ ಬಂದು, ಸಣ್ಣದಾಗಿ ಕಂಡು, ಒಳಗೇ ಉಳಿಯಿತು. ಪಾತ್ರೆ ತೊಳೆಯುತ್ತಿದ್ದ ಶೆಟ್ಟೆವ್ವ ಎಂಬ ಮುದುಕಿ ಕೈ ನಿಲ್ಲಿಸಿ ಇಬ್ಬರನ್ನೂ ನೋಡುತ್ತಿದ್ದಳು. ತಂದೆ ಮಗಳ ಜಗಳವೆಂದು ತಿಳಿದಿರಬೇಕು, "ಊಟಾ ಮಾಡ್ರೆವಾ ಮೊದಲ" ಅಂದಳು.

"ಏಳ್ರಿ" ಅಂದಳು ನಂದಾ. "ಬಿಟ್ಟ ಹಾಡ ಹಾಡಾಕಿ ನಾ. ಕಾಳೀ ಪಾಂಚ್‌ನ್ಯಾಗ. ನೀವು ಬಾರಸ್ರಿ."

"ನನ್ನ ಕಡಿಂದ ಆಗೂದಿಲ್ಲವಾ. ಜೋರ್ ಬಡೀತೀನಿ. ಗಜ್ಯಾ ಖರೇನ ಹೇಳಿದ್ದ."

"ಬಡದ್ರ ನಾ ಕೈ ಮಾಡ್ತೀನಿ. ನನ್ನ ಕೈ ನೋಡ್ರಿ, ದೀಪ ನೋಡಬ್ಯಾಡ್ರಿ." ಎದ್ದು ನಿಂತು ಸೀರೆಯ ದೂಳು ಕೊಡವಿದಳು. "ಸಿಟ್ಟ ಹೋಗಿಲ್ಲ ನಂದು. ಹೋಗತೈತೋ ಇಲ್ಲೋ ಗೊತ್ತಿಲ್ಲ. ಏಳ್ರಿ."

ಊಟ ಮಾಡಿದ ಜನ ಎಲೆ ಅಡಿಕೆ ಹಾಕುತ್ತ ಮಂಟಪದಲ್ಲಿ ಅಲ್ಲಲ್ಲಿ ಕೂತಿದ್ದರು, ಕೆಲವರು ತೂಕಡಿಸುತ್ತಿದ್ದರು. ಖಲೀಲ ತಂತಿಯನ್ನು ಮತ್ತೆ ಜೋಡಿಸಿ, ಪೆಟ್ಟಿಗೆ ಹಚ್ಚಿ, ಕೀಗಳ ಮೇಲೆ ಬೆರಳಿಟ್ಟ. ನಂದಾ ಮೈಕಿನ ಮುಂದೆ ನಿಂತು ಎಡಗೈಯನ್ನು ಅವನಿಗೆ ಕಾಣುವಂತೆ ಸೊಂಟದ ಹತ್ತಿರ ಇಟ್ಟುಕೊಂಡಿದ್ದಳು. ಅವನು ಬಲಕ್ಕೆ ಹೋದಾಗ ಆ ಅಂಗೈ ನೆಲದ ಕಡೆ ಇಳಿಯಿತು. ಅವನು ಬೆರಳು ಹಗುರ ಮಾಡಿದ. ಇನ್ನೂ ಇಳಿಯಿತು. ಕೀಯನ್ನು ಮುಟ್ಟಿದೆನೋ ಇಲ್ಲವೋ ಎನ್ನುವಷ್ಟು ಹಗುರ ಮಾಡಿದಾಗ ಅಂಗೈ ಸ್ಥಿರವಾಯಿತು. ಇಷ್ಟು ದಿನ ಜನರ ಕಿವಿಗೆ ತಾನು ಎಷ್ಟು ಬಡಿದಿರಬಹುದು ಎಂಬುದು ಆ ಅಂಗೈಯಲ್ಲಿ ಬರೆದಂತೆ ಕಂಡಿತು. ಅವನು ಬಲಗಡೆಯನ್ನು ಬಿಟ್ಟುಕೊಟ್ಟು ಕೆಳಗಿನ ಸ್ವರಗಳಿಗೆ ಬಂದ.

ಅವಳು ಹಾಡಿದಳು. ಮಧ್ಯದ ಸ್ವರಗಳಲ್ಲಿ ಅವಳ ದನಿ ಅವನಿಗೆ ಗೊತ್ತಿದ್ದ ದನಿಯೇ, ಬೆಚ್ಚಗಿನದು. ಆಮೇಲೆ ಅವಳು ಏರತೊಡಗಿದಳು. ಪಂಚಮ, ಧೈವತ. ದನಿ ಮಸುಕಾಯಿತು. ನಿಷಾದದಲ್ಲಿ ಬರೀ ಅಂಚು ಉಳಿಯಿತು. ಅವಳ ಗಲ್ಲ ಮೇಲಕ್ಕೆ ಹೋಯಿತು, ಕೊರಳಿನ ನರ ತುಂಬಿಕೊಂಡಿತು, ಕಣ್ಣು ಮುಚ್ಚಿದವು. ಇಷ್ಟು ವರ್ಷ ಈ ಜಾಗಕ್ಕೆ ಬಂದಾಗ ಅವಳು ಕಣ್ಣು ತೆರೆದು ಅವನ ಮುಖ ನೋಡುತ್ತಿದ್ದಳು. ಇವತ್ತು ತೆರೆಯಲಿಲ್ಲ. ದನಿ ಅವನ ಕಿವಿಯಿಂದ ಆಚೆ ದಾಟಿ ಹೋಯಿತು. ಅವನು ಕೆಳಗಿನ ಷಡ್ಜವನ್ನು ಒತ್ತಿ ಹಿಡಿದ. ಅವಳು ಸರಿಯಾಗಿ ನಿಂತಿದ್ದಾಳೋ, ಅಲುಗುತ್ತಿದ್ದಾಳೋ ಹೇಳಲು ಅವನ ಬಳಿ ಏನೂ ಇರಲಿಲ್ಲ, ಹೇಳಬೇಕಾದ ಕೆಲಸವೂ ಇರಲಿಲ್ಲ. ತೂಕಡಿಸುತ್ತಿದ್ದ ಮುದುಕನೊಬ್ಬ ತಲೆ ಎತ್ತಿದ. ಎಲೆಗೆ ಸುಣ್ಣ ಹಚ್ಚುತ್ತಿದ್ದ ಹೆಂಗಸಿನ ಬೆರಳು ಎಲೆಯ ಮೇಲೇ ನಿಂತಿತು. ಹಿಂಬಾಗಿಲಲ್ಲಿ ಶೆಟ್ಟೆವ್ವ ಒದ್ದೆ ಕೈ ಸೆರಗಿಗೆ ಒರೆಸುವುದನ್ನು ಮರೆತು ನಿಂತಿದ್ದಳು. ಸೋದರಮಾವ ಸಹ ಮಾತು ನಿಲ್ಲಿಸಿದ್ದ. ಖಲೀಲ ಒತ್ತಿದ ಕೀಯನ್ನು ಬಿಡದೆ ಕೂತ. ಅವಳು ಎಲ್ಲಿದ್ದಾಳೆಂದು ಅವನಿಗೆ ತಿಳಿಯುತ್ತಿರಲಿಲ್ಲ, ಅವನು ಕಾದ. ಕೊನೆಗೆ ಎಲ್ಲೋ ಮೇಲಿನಿಂದ, ಮೊದಲು ಒಂದು ಎಳೆಯಾಗಿ, ಆಮೇಲೆ ದನಿಯಾಗಿ, ನಿಧಾನಕ್ಕೆ ನಂದಾ ಅವನ ಕಿವಿಯೊಳಕ್ಕೆ ಇಳಿದು ಬಂದಳು.